‘ಯುದ್ಧಸ್ಮಾರಕ ದಿನ’ಕ್ಕೆ ಹಣ ಪಡೆದು ಸೇತುವೆಯೊಂದನ್ನೇ ತೋರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ವಿಷಯ: ಥಾಯ್ಲೆಂಡ್ ಪ್ಯಾಕೇಜಿನ ಕಾಂಚನಬುರಿ ಭೇಟಿಯಲ್ಲಿ ಸೇವಾ ನ್ಯೂನತೆ, ಕರಪತ್ರದಲ್ಲಿ ತಪ್ಪು ಮಾಹಿತಿ, ಹಣ ವಾಪಸಾತಿ ಕೋರಿಕೆ

ಮಾನ್ಯರೇ,

ನಿಮ್ಮ ಥಾಯ್ಲೆಂಡ್ ಪ್ಯಾಕೇಜಿನಲ್ಲಿ ಕಾಂಚನಬುರಿಗೆ ಮೀಸಲಾದ ದಿನಕ್ಕೆ ‘ಯುದ್ಧಸ್ಮಾರಕ ದಿನ’ ಎಂದು ಹೆಸರಿಟ್ಟು, ಅದಕ್ಕೆಂದೇ ತಲಾ 5,500 ರೂಪಾಯಿ ಹೆಚ್ಚುವರಿಯಾಗಿ ವಸೂಲು ಮಾಡಿದ್ದೀರಿ. ಡೆತ್ ರೈಲ್ವೆಯಲ್ಲಿ (ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನ್ಯ ಯುದ್ಧಕೈದಿಗಳಿಂದ, ಕೂಲಿಗಳಿಂದ ಹಾಕಿಸಿದ ರೈಲು ಹಳಿ) ಪ್ರಯಾಣ, ಕ್ವೇ ನದಿಯ ಸೇತುವೆ, ಮೂಲ ಯುದ್ಧಕೈದಿ ಶಿಬಿರ, ಯುದ್ಧ ಸ್ಮಶಾನ, ಹೆಲ್‌ಫೈರ್ ಪಾಸ್ (ಆ ಹಳಿಗಾಗಿ ಬೆಟ್ಟ ಸೀಳಿದ ಕಣಿವೆ) ಎಂದು ಕರಪತ್ರದಲ್ಲಿ ಐದು ಭೇಟಿಗಳನ್ನು ಕಾಣಿಸಿದ್ದೀರಿ. ಇವುಗಳಲ್ಲಿ ಸಿಕ್ಕಿದ್ದು ಸೇತುವೆ ಮಾತ್ರ. ಉಳಿದ ನಾಲ್ಕರಲ್ಲಿ ಒಂದು ಬಸ್ಸಿನ ಕಿಟಕಿಯಿಂದ ಕಂಡಿತು, ಒಂದರ ಗೇಟು ಮುಚ್ಚಿತ್ತು, ಮತ್ತೆರಡು ನೀವು ಹೇಳಿದಂಥವೇ ಆಗಿರಲಿಲ್ಲ. ಟೂರ್ ಮ್ಯಾನೇಜರ್ ಇದಕ್ಕೆ ಟ್ರಾಫಿಕ್ ಕಾರಣ ಎಂದರು. ಅದನ್ನು ಒಪ್ಪಲು ಸಾಧ್ಯವಿಲ್ಲ. ನೀವೇ ಹಾಕಿಕೊಂಡ ವೇಳಾಪಟ್ಟಿಯಲ್ಲಿ ಈ ಸ್ಥಳಗಳನ್ನು ನೋಡಲು ಬಿಡುವೇ ಇರಲಿಲ್ಲ.

ಬ್ಯಾಂಕಾಕಿನಿಂದ ಕಾಂಚನಬುರಿಗೆ ಸುಮಾರು 130 ಕಿ.ಮೀ., ನಗರ ದಾಟುವ ಹೊತ್ತೂ ಸೇರಿ ಎರಡೂವರೆ ಗಂಟೆ. ಹೆಲ್‌ಫೈರ್ ಪಾಸ್ ಅಲ್ಲಿಂದ ಹೆದ್ದಾರಿ 323ರಲ್ಲಿ ಇನ್ನೂ 80 ಕಿ.ಮೀ. ಆಚೆಗಿದೆ, ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯ ಸಂಜೆ 4ಕ್ಕೆ ಬಾಗಿಲು ಹಾಕುತ್ತದೆ. ಕಣಿವೆಗೆ ಇಳಿದು ಹತ್ತಲು ಒಂದೂವರೆ ಗಂಟೆಯಾದರೂ ಬೇಕು. ಹೀಗಿರುವಾಗ ನಿಮ್ಮ ಬಸ್ಸು ಹೋಟೆಲ್ ಬಿಟ್ಟಿದ್ದು ಬೆಳಿಗ್ಗೆ 8.30ಕ್ಕೆ. ಮೊದಲು ತೇಲುವ ಮಾರುಕಟ್ಟೆ, ಆಮೇಲೆ ಕರಪತ್ರದಲ್ಲಿ ಹೆಸರೇ ಇಲ್ಲದ ರತ್ನದ ಅಂಗಡಿ, ಆಮೇಲೆ ಊಟ. ಸೇತುವೆ ಮುಗಿಸಿ ಪಾಸ್ ತಲುಪಿದಾಗ ಗಂಟೆ 4.20. ರತ್ನದ ಅಂಗಡಿಯಲ್ಲಿ ಕಳೆದದ್ದು 50 ನಿಮಿಷ, ಸ್ಮಶಾನದ ಮುಂದೆ ಬಸ್ಸು ನಿಂತದ್ದು ಸಿಗ್ನಲ್ ಬಿದ್ದಾಗ ಮಾತ್ರ.

ರೈಲಿನ ವಿಷಯ. ಸೇತುವೆಯ ಮೇಲೆ ಅತ್ತಿಂದಿತ್ತ ಓಡುವ ಬಣ್ಣದ ಪುಟ್ಟ ಪ್ರವಾಸಿ ಗಾಡಿಯಲ್ಲಿ ಕೂರಿಸಿ, ‘ಡೆತ್ ರೈಲ್ವೆ ಪ್ರಯಾಣ’ ಮುಗಿಯಿತು ಎಂದು ನಿಮ್ಮವರು ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. 1942–43ರಲ್ಲಿ ಜಪಾನಿ ಸೈನ್ಯ ಥಾಯ್ಲೆಂಡಿನ ಬಾನ್ ಪೋಂಗ್ ಕಡೆಯಿಂದ ಬರ್ಮಾದ ಥಾನ್‌ಬ್ಯುಜಯಾತ್‌ವರೆಗೆ ಹಾಕಿಸಿದ ಮೀಟರ್ ಗೇಜ್ ಹಳಿಯ ಉದ್ದ 415 ಕಿ.ಮೀ. ಎರಡು ತುದಿಗಳ ಕೆಲಸ 1943ರ ಅಕ್ಟೋಬರ್ 17ರಂದು ಕೊಂಕೊಯಿಟಾ ಬಳಿ ಕೂಡಿತು. ಯುದ್ಧದ ನಂತರ ಗಡಿಯ ಕಡೆಯ ಹಳಿಯನ್ನು ಕಿತ್ತುಹಾಕಿದರು. ಇಂದು ರೈಲು ಓಡುವುದು ನಾಮ್ ಟೋಕ್‌ವರೆಗೆ, ಸುಮಾರು 130 ಕಿ.ಮೀ. ಇದು ಥಾಯ್ ರೈಲ್ವೆಯ ಮಾಮೂಲಿ ಮೂರನೇ ದರ್ಜೆಯ ಗಾಡಿ. ವಿದೇಶಿಯರಿಗೆ ಟಿಕೆಟ್ 100 ಬಾತ್. ನೋಡಲೇಬೇಕಾದ ಜಾಗವೆಂದರೆ ಥಾಮ್ ಕ್ರಾಸೆ. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕೆಳಗೆ ಕ್ವೇ ನೋಯ್ ನದಿ. ಎರಡರ ನಡುವೆ ಮರದ ಕಂಬಗಳ ಮೇಲೆ ನಿಂತ ಹಳಿಯಲ್ಲಿ ರೈಲು ತೆವಳುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಬಂಡೆ ತಗಲುವಷ್ಟು ಹತ್ತಿರ. ಇಂಥ ಕಡೆ ಹಳಿ ಹಾಕಿದವರ ಪಾಡು ಏನಿತ್ತೆಂದು ಗೈಡ್ ಬಾಯಿ ಬಿಡದಿದ್ದರೂ ತಿಳಿಯುತ್ತದೆ. ಬಣ್ಣದ ಗಾಡಿ ಇದಕ್ಕೆ ಬದಲಿಯಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಹೆಲ್‌ಫೈರ್ ಪಾಸ್. ಸೇತುವೆಯನ್ನು ನೋಡಿ ಯುದ್ಧಕೈದಿಗಳ ಬದುಕು ಅರ್ಥವಾಗುವುದಿಲ್ಲ, ಈ ಕಣಿವೆಯಲ್ಲಿ ನಿಂತರೆ ಆಗುತ್ತದೆ. ಬೆಟ್ಟದ ಕಲ್ಲನ್ನು ಸುಮಾರು 75 ಮೀಟರ್ ಉದ್ದಕ್ಕೆ, 25 ಮೀಟರ್ ಆಳಕ್ಕೆ ಸೀಳಿದ್ದಾರೆ. ಕೆಲಸದ ಬಹುಪಾಲು ಕೈಯಿಂದಲೇ. ಒಬ್ಬ ಉಕ್ಕಿನ ಡ್ರಿಲ್ ಸರಳನ್ನು ಬಂಡೆಗೆ ಹಿಡಿದು ಪೆಟ್ಟು ಪೆಟ್ಟಿಗೂ ತಿರುಗಿಸುತ್ತಿದ್ದ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಿದ್ದ. ತೂತು ಬೇಕಾದಷ್ಟು ಇಳಿದ ಮೇಲೆ ಸ್ಫೋಟಕ ತುಂಬಿ ಸಿಡಿಸಿ, ಒಡೆದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಸುರಿಯಬೇಕಿತ್ತು. ಆ ತೂತುಗಳ ಗೀರು ಇಂದಿಗೂ ಗೋಡೆಯಲ್ಲಿವೆ; ಒಂದು ಕಡೆ ಮುರಿದ ಡ್ರಿಲ್ ಬಂಡೆಯೊಳಗೇ ಸಿಕ್ಕಿಕೊಂಡಿದೆ. 1943ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಮಳೆಗಾಲದಲ್ಲಿ, ಕಾಲರಾ ಹಬ್ಬಿದ್ದ ಹೊತ್ತಿನಲ್ಲಿ, ಜಪಾನಿಗಳು ಗಡುವನ್ನು ಇನ್ನಷ್ಟು ಹತ್ತಿರಕ್ಕೆ ತಂದು ಅವಸರ ಮಾಡಿದರು. ರಾತ್ರಿಯೂ ಕೆಲಸ ನಡೆಯಿತು. ಬಿದಿರಿನ ಬೆಂಕಿ, ಪಂಜುಗಳ ಬೆಳಕಿನಲ್ಲಿ ಮೂಳೆ ಬಿಟ್ಟುಕೊಂಡ ಮನುಷ್ಯರ ನೆರಳು ಗೋಡೆಯ ಮೇಲೆ ಆಡುತ್ತಿದ್ದುದರಿಂದಲೇ ಇದಕ್ಕೆ ನರಕದ ಬೆಂಕಿಯ ಹೆಸರು ಬಂತು. ಆಸ್ಟ್ರೇಲಿಯಾ ಸರ್ಕಾರ ನಡೆಸುವ ಇಲ್ಲಿನ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಹೆಜ್ಜೆ ಹೆಜ್ಜೆಗೂ ವಿವರ ಹೇಳುವ ಆಡಿಯೊ ಉಪಕರಣ, ಬದುಕಿ ಬಂದ ಕೈದಿಗಳ ಮಾತು ಸೇರಿಸಿ, ಇಲ್ಲೇ ಸಿಗುತ್ತದೆ.

ಹಿರಿಯ ನಾಗರಿಕರಿರುವ ಗುಂಪಿಗೆ ಮೊದಲೇ ತಿಳಿಸಬೇಕಾದ ಸಂಗತಿಯನ್ನೂ ನೀವು ತಿಳಿಸಿರಲಿಲ್ಲ. ಕಣಿವೆಗೆ ಕಡಿದಾದ ಮೆಟ್ಟಿಲು ಇಳಿಯಬೇಕು. ಕೆಳಗೆ ಹಳಿಯ ಜಲ್ಲಿಯ ಮೇಲೆ ನಡಿಗೆ. ಚಪ್ಪಲಿ ಸಾಲದು, ಹಿಡಿತವಿರುವ ಬೂಟು ಬೇಕು. ತಲಾ ಒಂದು ಲೀಟರ್ ನೀರು ಒಯ್ಯಬೇಕು. ಮಂಡಿ ನೋವಿರುವವರು ಮೇಲಿನ ಕಟ್ಟೆಯಿಂದಲೇ ಕ್ವೇ ನೋಯ್ ಕಣಿವೆ ನೋಡಿ ಸಂಗ್ರಹಾಲಯದಲ್ಲಿ ಕೂರಬಹುದು. ಏಪ್ರಿಲ್ 25ರಂದು ಅನ್ಜಾಕ್ ದಿನದ (ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಯೋಧರನ್ನು ನೆನೆಯುವ ದಿನ) ಮುಂಜಾನೆಯ ಸ್ಮರಣೆ ಇಲ್ಲಿ ನಡೆಯುತ್ತದೆ. ಆ ದಿನ ಗುಂಪು ಕರೆದೊಯ್ಯುವುದಾದರೆ ವ್ಯವಸ್ಥೆಯೇ ಬೇರೆ.

ಇನ್ನು ಸ್ಮಶಾನ. ಕಾಂಚನಬುರಿ ರೈಲ್ವೆ ನಿಲ್ದಾಣದ ಹತ್ತಿರ ಮುಖ್ಯರಸ್ತೆಯಲ್ಲೇ ಇದೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ನೋಡಿಕೊಳ್ಳುತ್ತದೆ, ಪ್ರವೇಶ ಉಚಿತ. ಸುಮಾರು 7,000 ಸಮಾಧಿಗಳು, ಹೆಚ್ಚಿನವು ಬ್ರಿಟಿಷ್, ಆಸ್ಟ್ರೇಲಿಯನ್ ಮತ್ತು ಡಚ್ ಕೈದಿಗಳವು. ಎತ್ತರದ ಕಲ್ಲುಗಳಿಲ್ಲ, ನೆಲಕ್ಕೆ ತಗ್ಗಾಗಿ ಓರೆಯಾಗಿ ಕೂರಿಸಿದ ಕಂಚಿನ ಫಲಕಗಳಲ್ಲಿ ಹೆಸರು, ಪಡೆ, ತೀರಿಕೊಂಡ ದಿನ, ವಯಸ್ಸು ಇವೆ, ಕೆಲವದರಲ್ಲಿ ಮನೆಯವರು ಬರೆಸಿದ ಒಂದು ಸಾಲೂ ಇದೆ. ಬಗ್ಗಿ ಓದಬೇಕು, ಆದ್ದರಿಂದಲೇ ಇಲ್ಲಿಗೆ ಹೊತ್ತು ಬೇಕು. ಭಾರತದಿಂದ ಹೋದ ಗುಂಪಿಗೆ ತಪ್ಪಿಸಬಾರದಿದ್ದ ಜಾಗವೂ ಪ್ರವೇಶದ್ವಾರದಲ್ಲೇ ಇದೆ. ಅವಿಭಜಿತ ಭಾರತದ ಸೈನ್ಯಕ್ಕೆ ಸೇರಿದ 11 ಮಂದಿಯ ಹೆಸರುಗಳನ್ನು ಅಲ್ಲಿನ ಸ್ಮಾರಕದಲ್ಲಿ ಕೊರೆದಿದ್ದಾರೆ. ಅವರನ್ನು ಹೂಳಿದ್ದು ಥಾಯ್ಲೆಂಡಿನ ಮುಸ್ಲಿಂ ಖಬರಸ್ತಾನಗಳಲ್ಲಿ. ಅಲ್ಲಿ ಸಮಾಧಿಗಳನ್ನು ಕಾಪಾಡಿಕೊಳ್ಳಲು ಆಗದ ಕಾರಣ ಹೆಸರುಗಳನ್ನು ಇಲ್ಲಿ ಇರಿಸಲಾಯಿತು. ಬಸ್ಸಿನಿಂದ ಇಳಿದು ಅಲ್ಲಿಗೆ ನಡೆಯಲು ಎರಡು ನಿಮಿಷ ಸಾಕಿತ್ತು. ನಿಮ್ಮ ಗೈಡ್‌ಗೆ ಆ ಫಲಕ ಇರುವುದೇ ಗೊತ್ತಿರಲಿಲ್ಲ.

‘ಮೂಲ ಯುದ್ಧಕೈದಿ ಶಿಬಿರ’ ಎಂಬುದು ನೇರವಾಗಿ ಸುಳ್ಳು ಮಾಹಿತಿ. ಶಿಬಿರಗಳೆಲ್ಲ ಬಿದಿರಿನ ಗಳ, ತಾಳೆ ಗರಿಯ ಹೊದಿಕೆಯ ಉದ್ದನೆಯ ಗುಡಿಸಲುಗಳಾಗಿದ್ದವು. ಸೇತುವೆ ಬಳಿಯ ಥಾ ಮಖಾಮ್ ಶಿಬಿರವೂ (ಅಲ್ಲಿನ ಕೈದಿಗಳ ಹಿರಿಯ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಫಿಲಿಪ್ ಟೂಸಿ), ಆಸ್ಪತ್ರೆ ಶಿಬಿರವಾಗಿದ್ದ ಚುಂಗ್‌ಕೈಯೂ ಇಂದು ಗುಡಿಸಲುಗಳಾಗಿ ಉಳಿದಿಲ್ಲ. ನೀವು ಹೊರಗಿನಿಂದ ತೋರಿಸಿದ್ದು ವಾಟ್ ಚಾಯ್ ಚುಂಫೊನ್ ದೇಗುಲದ ಆವರಣದಲ್ಲಿ 1977ರಲ್ಲಿ ಕಟ್ಟಿದ ಜೀತ್ (JEATH) ವಸ್ತುಸಂಗ್ರಹಾಲಯದ ಮಾದರಿ ಗುಡಿಸಲು. ಅದು ನೋಡಲು ಯೋಗ್ಯ. ಬಿದಿರಿನ ಮಂಚದ ಮೇಲೆ ಒಬ್ಬೊಬ್ಬನಿಗೆ ಎಷ್ಟು ಅಗಲ ಸಿಗುತ್ತಿತ್ತೆಂದು ಅಳೆದು ನೋಡಬಹುದು. ಆದರೆ ಮಾದರಿಯನ್ನು ಮಾದರಿ ಎಂದೇ ಹೇಳಿ ಮಾರಬೇಕು.

ಕರಪತ್ರದ ಉಳಿದ ತಪ್ಪುಗಳನ್ನು ತಿದ್ದಲೇಬೇಕು. ‘ಸಿನಿಮಾದಲ್ಲಿ ಕಂಡ ಸೇತುವೆ ಇದೇ’ ಎಂದಿದ್ದೀರಿ. 1957ರ ಆ ಇಂಗ್ಲಿಷ್ ಸಿನಿಮಾ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವೇ’ಯನ್ನು ತೆಗೆದದ್ದು ಶ್ರೀಲಂಕಾದ ಕಿತುಲ್ಗಲದಲ್ಲಿ. ‘ಕಮಾಂಡೊಗಳು ಸ್ಫೋಟಿಸಿದರು’ ಎಂಬುದೂ ಸಿನಿಮಾದ ಕಥೆಯೇ. ಇಲ್ಲಿ ಎರಡು ಸೇತುವೆಗಳಿದ್ದವು. ಮರದ್ದು 1943ರ ಫೆಬ್ರುವರಿಯಲ್ಲಿ, ಉಕ್ಕಿನದು ಕೆಲವು ತಿಂಗಳ ನಂತರ ಮುಗಿಯಿತು. ಉಕ್ಕಿನ ಕಮಾನುಗಳನ್ನು ಜಪಾನಿಗಳು ಜಾವಾದಿಂದ ಬಿಚ್ಚಿ ತಂದಿದ್ದರು. ಸೇತುವೆಯನ್ನು ಕೆಡವಿದ್ದು 1945ರ ವಿಮಾನ ದಾಳಿಗಳು. ಗೈಡ್ ಇದನ್ನು ಕೈ ತೋರಿಸಿಯೇ ವಿವರಿಸಬಹುದಿತ್ತು: ಬಾಗಿದ ಕಮಾನುಗಳು ಯುದ್ಧಕಾಲದವು, ನಡುವಿನ ಎರಡು ಚೌಕಾಕಾರದವು ಬಾಂಬಿಗೆ ಬಿದ್ದ ಭಾಗಕ್ಕೆ ಯುದ್ಧಾನಂತರ ಜೋಡಿಸಿದವು. ನದಿಯ ಹೆಸರೂ ಆಗ ಮೇ ಕ್ಲೋಂಗ್. ಕ್ವೇ ಯೈ ಎಂದಾದದ್ದು 1960ರಲ್ಲಿ.

ಸಾವಿನ ಲೆಕ್ಕ ಇವೆಲ್ಲಕ್ಕಿಂತ ಗಂಭೀರ. ‘ಒಂದು ಲಕ್ಷ ಬ್ರಿಟಿಷ್ ಸೈನಿಕರ ಬಲಿ’ ಎಂದು ಅಚ್ಚು ಹಾಕಿಸಿದ್ದೀರಿ. ಈ ಹಳಿಯಲ್ಲಿ ದುಡಿದ ಮಿತ್ರಪಕ್ಷಗಳ ಯುದ್ಧಕೈದಿಗಳು 60,000ಕ್ಕೂ ಹೆಚ್ಚು. ಸತ್ತವರು, ಬ್ರಿಟಿಷ್, ಡಚ್, ಆಸ್ಟ್ರೇಲಿಯನ್, ಅಮೆರಿಕನ್ ಎಲ್ಲರೂ ಸೇರಿ, 12,000ಕ್ಕೂ ಹೆಚ್ಚು. ಲಕ್ಷದ ಹತ್ತಿರದ ಅಂಕಿ ಇರುವುದು ಬೇರೆಯವರದು. ಅದು ಏಷ್ಯಾದ ಕೂಲಿಗಳದು: ಮಲಯದ ರಬ್ಬರ್ ತೋಟಗಳ ತಮಿಳರು, ಬರ್ಮಾದವರು, ಜಾವಾದವರು, ಮಲಯರು, ಚೀನೀಯರು. ಸುಮಾರು ಎರಡು ಲಕ್ಷ ಜನರನ್ನು ಕೂಲಿಯ ಆಸೆ ತೋರಿಸಿ, ಆಮೇಲೆ ಬಲವಂತವಾಗಿ ಸಾಗಿಸಿದರು. ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಸೈನಿಕ ಕೈದಿಗಳಿಗೆ ತಮ್ಮದೇ ವೈದ್ಯರಿದ್ದರು, ಹೆಸರು ಬರೆದಿಡುವ ಅಧಿಕಾರಿಗಳಿದ್ದರು. ಕೂಲಿಗಳಿಗೆ ಎರಡೂ ಇರಲಿಲ್ಲ. ಕಾಲರಾ ಬಂದಾಗ ಅವರ ಶಿಬಿರಗಳು ಹಾಗೇ ಖಾಲಿಯಾದವು. ಸಾಲು ಸಮಾಧಿಯಿಲ್ಲ, ಫಲಕವಿಲ್ಲ. ಸ್ಮಶಾನದಲ್ಲಿ ಅವರು ಕಾಣದಿರುವುದಕ್ಕೆ ಇದೇ ಕಾರಣ, ಹಾಗಾಗಿ ಅವರ ಬಗ್ಗೆ ಗೈಡ್ ಬಾಯಿಬಿಟ್ಟು ಹೇಳಲೇಬೇಕು. ದಕ್ಷಿಣ ಭಾರತದ ಪ್ರವಾಸಿಗಳ ಮುಂದೆ ನಿಂತು, ನಮ್ಮ ಪಕ್ಕದ ನಾಡಿನಿಂದ ಹೋದ ಕುಟುಂಬಗಳ ಸಾವನ್ನು ಬ್ರಿಟಿಷ್ ಸೈನಿಕರ ಲೆಕ್ಕಕ್ಕೆ ಬರೆದದ್ದು ನಮಗೆ ತೀವ್ರ ನೋವು ತಂದಿದೆ. ಕಾಂಚನಬುರಿಯ ವಾಟ್ ಥಾವೊರ್ನ್ ದೇಗುಲದ ಆವರಣದಲ್ಲಿ ಈ ಕೂಲಿಗಳ ಸ್ಮಾರಕವಿದೆ. ತಮಿಳು ಕಾರ್ಮಿಕರ ನೆನಪಿಗೆ ಇತ್ತೀಚೆಗೆ ಅಲ್ಲೇ ವೀರಗಲ್ಲನ್ನೂ ನಿಲ್ಲಿಸಿದ್ದಾರೆ. ಸ್ಮಶಾನದಿಂದ ಅದು ದೂರವೂ ಅಲ್ಲ.

ಒಂದೇ ದಿನದಲ್ಲಿ ಇದೆಲ್ಲ ಆಗದು ಎಂದು ನಿಮ್ಮ ಕಚೇರಿ ಫೋನಿನಲ್ಲಿ ಹೇಳಿತು. ಆಗುತ್ತದೆ, ಕ್ರಮ ತಿರುಗಿಸಿದರೆ. ಬೆಳಿಗ್ಗೆ 6ಕ್ಕೆ ಹೊರಟು, ತಿಂಡಿ ಕಟ್ಟಿಸಿಕೊಂಡು, ನೇರ ಹೆಲ್‌ಫೈರ್ ಪಾಸ್‌ಗೆ ಹೋಗಬೇಕು, 9.30ರ ಸುಮಾರಿಗೆ ತಲುಪಬಹುದು, ಬಿಸಿಲೂ ಏರಿರುವುದಿಲ್ಲ. 12ಕ್ಕೆ ಅಲ್ಲಿಂದ ಬಿಟ್ಟರೆ ನಾಮ್ ಟೋಕ್ ನಿಲ್ದಾಣ ಅರ್ಧ ಗಂಟೆಯೊಳಗೆ. 1 ಗಂಟೆಯ ಸುಮಾರಿಗೆ ಅಲ್ಲಿಂದ ಹೊರಡುವ ರೈಲಿಗೆ ಗುಂಪನ್ನು ಹತ್ತಿಸಿ ಖಾಲಿ ಬಸ್ಸನ್ನು ಮುಂದೆ ಕಳಿಸಿ. ಈ ದಿಕ್ಕಿನಲ್ಲಿ ನದಿ ಬಲಗಡೆ ಬರುತ್ತದೆ, ಹಾಗಾಗಿ ಬಲಬದಿಯ ಸೀಟು ಹಿಡಿಯಬೇಕು. ಊಟ ಪೊಟ್ಟಣದಲ್ಲೇ ಆಗಲಿ. ಈ ಗಾಡಿ ತಡವಾಗುವುದು ಮಾಮೂಲು, ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಸೇತುವೆ ನಿಲ್ದಾಣದಲ್ಲಿ ಇಳಿದು ಸೇತುವೆ ನೋಡಿ, ಆಮೇಲೆ ಸ್ಮಶಾನದ ಪಕ್ಕದ ಡೆತ್ ರೈಲ್ವೆ ವಸ್ತುಸಂಗ್ರಹಾಲಯ, ಕೊನೆಗೆ ಸ್ಮಶಾನ. ಸಂಗ್ರಹಾಲಯ ಬೇಗ ಮುಚ್ಚುವುದರಿಂದ ಈ ಕ್ರಮ ತಪ್ಪಬಾರದು. ತೇಲುವ ಮಾರುಕಟ್ಟೆಗೂ ರತ್ನದಂಗಡಿಗೂ ಈ ದಿನದಲ್ಲಿ ಜಾಗವಿಲ್ಲ. ಅವನ್ನು ಬ್ಯಾಂಕಾಕಿನ ದಿನಕ್ಕೆ ಹಾಕಿಕೊಳ್ಳಿ.

ಬಿಲ್ಲಿನಲ್ಲಿ ‘ಸ್ಮಾರಕಗಳ ಪ್ರವೇಶ ಶುಲ್ಕ’ ಎಂದು ತಲಾ 1,200 ರೂಪಾಯಿ ಇದೆ. ಸೇತುವೆ, ಸ್ಮಶಾನ, ಹೆಲ್‌ಫೈರ್ ಪಾಸ್ ಮೂರಕ್ಕೂ ಶುಲ್ಕವೇ ಇಲ್ಲ; ಟಿಕೆಟ್ ಇರುವ ಸಂಗ್ರಹಾಲಯದ ಒಳಗೆ ನೀವು ಯಾರನ್ನೂ ಕರೆದೊಯ್ಯಲಿಲ್ಲ. ಈ ಮೊತ್ತ ಯಾವುದಕ್ಕೆ ಖರ್ಚಾಯಿತೆಂದು ರಸೀದಿ ಸಹಿತ ತಿಳಿಸಬೇಕು.

ನಮ್ಮ ಬೇಡಿಕೆಗಳು ಇಷ್ಟು. ಯುದ್ಧಸ್ಮಾರಕ ದಿನದ ಹೆಚ್ಚುವರಿ 5,500 ರೂಪಾಯಿ ಮತ್ತು ಪ್ರವೇಶ ಶುಲ್ಕದ 1,200 ರೂಪಾಯಿ, ಒಟ್ಟು ತಲಾ 6,700 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಮರಳಿಸಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಬೇಡ. ಈಗಿನ ಕರಪತ್ರವನ್ನು ಹಿಂದಕ್ಕೆ ಪಡೆದು, ಮೇಲೆ ಹೇಳಿದ ತಪ್ಪುಗಳನ್ನು ತಿದ್ದಿ, ಏಷ್ಯಾದ ಕೂಲಿಗಳ ವಿಷಯ ಸೇರಿಸಿ ಅಚ್ಚು ಹಾಕಿಸಬೇಕು. ಈಗಾಗಲೇ ಮುಂಗಡ ಕಟ್ಟಿದ ಗುಂಪುಗಳಿಗೆ ಬದಲಾದ ವೇಳಾಪಟ್ಟಿಯನ್ನು ಲಿಖಿತವಾಗಿ ಕಳಿಸಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, ಗ್ರಾಹಕ ರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆ ಮತ್ತು ದಾರಿ ತಪ್ಪಿಸುವ ಜಾಹೀರಾತಿನ ಕುರಿತು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ಕರಪತ್ರದ ಪ್ರತಿ, ಹಣ ಪಾವತಿಯ ರಸೀದಿ, ಹೆಲ್‌ಫೈರ್ ಪಾಸ್‌ನ ಮುಚ್ಚಿದ ಗೇಟಿನ ವೇಳೆ ನಮೂದಾದ ಫೋಟೊ ಮತ್ತು ರತ್ನದ ಅಂಗಡಿಯ ಪಾರ್ಕಿಂಗ್ ಚೀಟಿಯನ್ನು ಇದರೊಂದಿಗೆ ಲಗತ್ತಿಸಿದೆ.

ಇಂತಿ,
ಸದರಿ ಪ್ರವಾಸದ ಗ್ರಾಹಕರ ಪರವಾಗಿ