ಹಾರಕ್ಕೆ ಕೋಲ್ಡ್ ರೂಮ್, ಕಡಲ ಕೆಸರಿಗೆ ವರಾಂಡ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ 'ಸ್ವೀಕರಿಸಲಾಗಿದೆ' ಅನ್ನುವ ಮೊಹರು ಬಿಟ್ಟರೆ ಏನೂ ಬರಲಿಲ್ಲ. ಅದಕ್ಕೇ ಈ ಸಲ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಕಾರವಾರದಾಚೆ ಕಡಲ ತಳದಿಂದ ತೆಗೆದ ಕೆಸರಿನ ಮೇಲೆ ಆರು ವರ್ಷ ಕೆಲಸ ಮಾಡಿದವಳು ನಾನು. ಕಾಳಿ ನದಿ ಘಟ್ಟದಿಂದ ಹೊತ್ತು ತಂದು ಪದರ ಪದರವಾಗಿ ಕೂರಿಸಿದ ಮಣ್ಣು ಅದು. ಅದರಲ್ಲಿರುವ ಪರಾಗ ನೋಡಿದರೆ ಆಗ ಘಟ್ಟದಲ್ಲಿ ಎಂಥ ಕಾಡಿತ್ತು ತಿಳಿಯುತ್ತದೆ. ಮಳೆ ಜಾಸ್ತಿ ಹೊಡೆದು ಬಂಡೆ ಚೆನ್ನಾಗಿ ಸವೆದಿದ್ದರೆ ಜೇಡಿಯಲ್ಲಿ ಕೆಯೋಲಿನೈಟ್ ಅನ್ನುವ ಬಿಳಿ ಖನಿಜ ಹೆಚ್ಚು. ಸುಮಾರು 3500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯಲ್ಲಿ ಮೊದಲಿನ ತೇವ ಉಳಿದಿಲ್ಲ ಅಂತ 1994ರಲ್ಲಿ ವಿಜ್ಞಾನಿಗಳು ಹೇಳಿದ್ದು ಇದೇ ಕಡಲಿನ ಕೆಸರು ನೋಡಿ. ನಮ್ಮ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಸಾವಿರಾರು ವರ್ಷ ಹಿಂದಿನ ಮಳೆಯನ್ನು ಇನ್ಯಾರನ್ನು ಕೇಳೋಣ?

ಈ ಕೆಸರನ್ನು 4 ಡಿಗ್ರಿಯಲ್ಲಿ ಇಡಬೇಕು. ಸರ್ಕಾರದ ದುಡ್ಡಲ್ಲಿ ತೆಗೆದ ಮಾದರಿ ಸರ್ಕಾರದ ಆಸ್ತಿ ಅನ್ನುವ ನಿಯಮ ನಿಮಗೆ ನಾನು ಹೇಳಬೇಕಾ?

ಕಳೆದ ಮೇ ತಿಂಗಳಲ್ಲಿ ನಾನಿದ್ದ ಸಂಸ್ಥೆಯಲ್ಲಿ ಒಂದು ಸಮಾರಂಭ. ಗಣ್ಯರಿಗೆ ತಂದ ಹಾರ, ಎಳನೀರು ಬಾಡಬಾರದಲ್ವಾ? ಕೋಲ್ಡ್ ರೂಮ್ ಖಾಲಿ ಮಾಡಿಸಿದರು. ಕೆಸರು ತುಂಬಿದ ನನ್ನ ಕೊಳವೆಗಳು ಮೂರು ದಿನ ವರಾಂಡದಲ್ಲಿ. ನಾನು ಊರಿಂದ ಬರುವಷ್ಟರಲ್ಲಿ ಕೆಸರು ಬೇಸಿಗೆಯ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಮೇಲೆ ಬೂಷ್ಟು. ಬಿರುಕಿನೊಳಗೆ ಚೆಂಡು ಹೂವಿನ ಎಸಳು! ಸಾವಿರಾರು ವರ್ಷ ಹಳೆಯ ಪರಾಗ ಎಣಿಸುತ್ತಿದ್ದವಳಿಗೆ ಈಗ ಮೊನ್ನೆಯ ಪರಾಗವೂ ಸಿಗುತ್ತದೆ. ಕೇಳಿದ್ದಕ್ಕೆ, "ಮಣ್ಣು ತಾನೇ ಮೇಡಂ, ಇನ್ನೊಂದ್ಸಲ ತಂದರಾಯ್ತು" ಅಂದರು. ತರುತ್ತೇನೆ ಸ್ವಾಮಿ, ಹಡಗು ಕಳಿಸಿ.

2006ರಲ್ಲಿ ಗೋದಾವರಿ ಮುಖದಾಚೆ ಗ್ಯಾಸ್ ಹೈಡ್ರೇಟ್ (ಕಡಲ ತಳದಲ್ಲಿ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿರುವ ಅನಿಲ) ಹುಡುಕಲು ಕೊರೆದ ಕೆಸರನ್ನು ಜೋಪಾನ ಮಾಡಿದ್ದಕ್ಕೇ, ಸುಮಾರು 4000 ವರ್ಷಗಳಿಂದ ಮಧ್ಯ ಭಾರತ ಒಣಗುತ್ತಾ ಬಂದ ಕತೆ ಗೊತ್ತಾಯಿತು. ಜೋಪಾನ ಮಾಡಿದ್ದಕ್ಕೆ.

ನಾನು ಕೇಳುವುದು ಒಂದು ಕೋಲ್ಡ್ ರೂಮ್. ಕರೆಂಟ್ ಹೋದರೆ ಜನರೇಟರ್. ಬೀಗದ ಕೈ ಯಾರ ಹತ್ತಿರ ಅಂತ ಬರೆಯಲು ಒಂದು ಪುಸ್ತಕ. ಹಾರ ಇಡಲು ಬೇಕಾದರೆ ಬೇರೆ ಫ್ರಿಜ್ ಕೊಡಿಸಿ, ನನ್ನದೇನೂ ತಕರಾರಿಲ್ಲ. ಕೆಸರಿಗೆ ಮಾತ್ರ ಕೋಲ್ಡ್ ರೂಮ್ ಕೊಡಿಸಿ.

ಉಳಿದ ಒಂದಷ್ಟು ಮಾದರಿ ಸದ್ಯ ನಮ್ಮನೆ ಫ್ರಿಜ್‌ನಲ್ಲಿ, ದೋಸೆ ಹಿಟ್ಟಿನ ಪಕ್ಕ ಇದೆ. ಇದೂ ನಿಯಮಕ್ಕೆ ವಿರುದ್ಧವೇ, ಗೊತ್ತು. ಅಮ್ಮ ದಿನಾ ಬೈಯುತ್ತಾರೆ. ಕೋಲ್ಡ್ ರೂಮ್ ಯಾವಾಗ ಕೊಡಿಸುತ್ತೀರಿ?

ಇಂತಿ,
ನಿಮ್ಮ ಮತದಾರಳು