ಗೇಟಿಗೆ ಕಾರು ಮಾತ್ರ ಕಾಣುತ್ತದೆ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆ. ವಾಪಸ್ ಬರುವಾಗ ಪಾರ್ಕಿಂಗ್ ದುಡ್ಡು ಕೊಟ್ಟೆ, ಗೇಟಿನ ಅಡ್ಡಕೋಲು ಮೇಲೆದ್ದಿತು, ಹೊರಟೆ. ನಾನು ದಾಟಿದೆ, ಹಿಂದೆ ಕೂತಿದ್ದ ಅಮ್ಮ ದಾಟುವಷ್ಟರಲ್ಲಿ ಕೋಲು ಇಳಿದು ಅವರ ಭುಜಕ್ಕೆ ಬಡಿಯಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಆದರೆ ಹದಿನೈದು ದಿನ ತಲೆ ಬಾಚಿಕೊಳ್ಳಲು ಕೈ ಎತ್ತೋಕೆ ಆಗಲಿಲ್ಲ. ಸೆಕ್ಯುರಿಟಿಯವರನ್ನು ಕೇಳಿದರೆ, "ಕಾರಿಗೆ ಸೆಟ್ ಮಾಡಿರೋದು ಸಾರ್, ಗಾಡಿ ಅದಕ್ಕೆ ಗೊತ್ತಾಗಲ್ಲ" ಅಂದರು.

ಅವರು ಹೇಳಿದ್ದು ಸುಳ್ಳೇನಲ್ಲ. ಇಂಥ ಗೇಟುಗಳ ಕೆಳಗೆ ಸಾಮಾನ್ಯವಾಗಿ ನೆಲ ಕೊರೆದು ತಂತಿಯ ಸುತ್ತು ಹೂತಿರುತ್ತಾರೆ, ಮೇಲೆ ಲೋಹ ಬಂದರೆ ಅದಕ್ಕೆ ತಿಳಿಯುತ್ತದೆ, ಲೋಹ ಇರುವ ತನಕ ಕೋಲು ಇಳಿಯಬಾರದು. ಕಾರಿನ ಅಗಲವಾದ ಹೊಟ್ಟೆ ಸಲೀಸಾಗಿ ಸಿಗುತ್ತದೆ, ಸ್ಕೂಟರು ಒಂದು ಪಕ್ಕದಲ್ಲಿ ಹೋದರೆ ತಪ್ಪಿಹೋಗಬಹುದು. ಅದಕ್ಕೇ ಕಂಬದಲ್ಲಿ, ಅಡ್ಡ ಏನಾದರೂ ಬಂದರೆ ಗುರುತಿಸುವ ಬೆಳಕಿನ ಸೆನ್ಸರ್ ಕೂಡ ಇರಬೇಕು. ಅಲ್ಲಿ ಸೆನ್ಸರ್ ಇತ್ತು, ಅದರ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳೂ ಇತ್ತು!

ಒಳಗೆ ಹೋಗುವಾಗಿನ ಪಾಡು ಇನ್ನೊಂದು. ಚೀಟಿ ಕೊಡುವ ಮಿಷನ್ ಕಾರಿನ ಕಿಟಕಿಗೆ ಸರಿಯಾಗಿ ಬಲಗಡೆ, ಅದೂ ಇಳಿಜಾರಿನಲ್ಲಿ. ಎಡಗೈಲಿ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೂರಿ, ಬಲಗೈಲಿ ಬಟನ್ ಒತ್ತಿ, ಬಂದ ಚೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಡಬೇಕು. ಮಳೆ ಬಂದರಂತೂ ಕೇಳಲೇಬೇಡಿ. ಫಾಸ್ಟ್ಯಾಗ್ ಓದುವ ಗೇಟು ಹಾಕುತ್ತೇವೆ ಅನ್ನುತ್ತಾರೆ, ಸ್ಕೂಟರಿಗೆ ಫಾಸ್ಟ್ಯಾಗ್ ಎಲ್ಲಿದೆ?

ಗೇಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದಾಗ ಯಾರ್ಯಾರೋ ಗಾಡಿ ತಂದು ವಾರಗಟ್ಟಲೆ ಬಿಟ್ಟು ಹೋಗುತ್ತಿದ್ದರು. ದ್ವಿಚಕ್ರ ವಾಹನಕ್ಕೆ ಕೋಲಿಲ್ಲದ ಬೇರೆ ದಾರಿ ಬಿಟ್ಟು, ಅಲ್ಲೊಬ್ಬರು ಚೀಟಿ ಕೊಡಲಿ, ಸಾಕು. ಜಾಗ ಇಲ್ಲದ ಕಡೆ ಕೋಲಿಗೆ ದಪ್ಪ ರಬ್ಬರ್ ಸುತ್ತಲಿ, ಏನಾದರೂ ತಗುಲಿದ ತಕ್ಷಣ ವಾಪಸ್ ಮೇಲೇಳುವ ಹಾಗೆ ಮಾಡಲಿ. ಅದೇ ಮಾಲಿನ ಲಿಫ್ಟ್‌ಗೆ ನಮ್ಮ ರಾಜ್ಯದಲ್ಲಿ 2012ರ ಕಾನೂನೇ ಇದೆ, ಲೈಸೆನ್ಸ್ ಬೇಕು, ತಪಾಸಣೆ ಆಗಬೇಕು. ದಿನವಿಡೀ ಜನರ ತಲೆ ಮೇಲೆ ಏಳುತ್ತಾ ಇಳಿಯುತ್ತಾ ಇರುವ ಈ ಕೋಲನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷೆ ಮಾಡಿದರು ಅನ್ನುವ ಚೀಟಿಯನ್ನಾದರೂ ಆ ಕಂಬಕ್ಕೆ ಅಂಟಿಸುವಂತೆ ಪಾಲಿಕೆಯವರು ಹೇಳಬಹುದಲ್ವಾ?

– ಒಬ್ಬ ಸ್ಕೂಟರ್ ಸವಾರ, ಬೆಂಗಳೂರು