ಕ್ಯಾಂಪಸ್ ಮುಚ್ಚಿದರೆ ಅಂತ ಕೇಳಿದ್ದೀಯಲ್ಲ

ಚಿ. ನಿವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಇರಲಿ. ಪತ್ರದ ಕೊನೆಯಲ್ಲಿ, ಹೆಸರು ಬರೆಯುವ ಮುಂಚೆ, ಒಂದು ಸಾಲು ತುರುಕಿದ್ದೀಯಲ್ಲ: "ನಾನು ಮುಗಿಸೋದರೊಳಗೆ ಈ ಕ್ಯಾಂಪಸ್ಸೇ ಮುಚ್ಚಿಹೋದರೆ?" ಎರಡು ದಿನದಿಂದ ಅದೇ ತಲೆ ಕೊರೆಯುತ್ತಿದೆ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಮಲೇಷ್ಯಾದ ಸನ್‌ವೇಯಲ್ಲಿರುವ ನಿಮ್ಮ ಕ್ಯಾಂಪಸ್ ಬಿಡುತ್ತಾರಂತೆ ಎಂದು ನಿನ್ನ ರೂಮ್‌ಮೇಟ್ ಹೇಳಿದ್ದು ಅರ್ಧ ನಿಜ. ಕೌಲಾಲಂಪುರದ ವ್ಯಾಪಾರ ಬಡಾವಣೆ ಟುನ್ ರಜಾಕ್ ಎಕ್ಸ್‌ಚೇಂಜ್‌ನಲ್ಲಿ ಹೊಸ ಕ್ಯಾಂಪಸ್ ಕಟ್ಟುವುದಾಗಿ ಘೋಷಿಸಿದ್ದಾರೆ, ಗುರಿ 2032. ನಿನ್ನದು ಮೂರು ವರ್ಷದ ಕೋರ್ಸು. ಮನೆ ಬದಲಾಯಿಸುವವರನ್ನು ಕಂಡು ಸಂಸಾರವೇ ಒಡೆಯಿತು ಅಂದುಕೊಂಡ ಹಾಗಾಯಿತು ಇದು. 1998ರಿಂದ ಮೊನಾಶ್ ಮಲೇಷ್ಯಾದಲ್ಲಿ ಪಾಠ ನಡೆಯುತ್ತಿದೆ. ಪದವಿ ಕೊಡುವುದೂ ಮೆಲ್ಬರ್ನಿನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯವೇ ಹೊರತು ಆ ಕಟ್ಟಡವಲ್ಲ.

ಹಾಗಂತ "ಏನೂ ಆಗಲ್ಲ ಬಿಡು" ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಆಗಿದ್ದುಂಟು. 2007ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಸಿಂಗಪುರದಲ್ಲಿ ಮಾರ್ಚ್‌ನಲ್ಲಿ ಪಾಠ ಶುರು ಮಾಡಿ ಜೂನ್ ಮುಗಿಯುವುದರೊಳಗೆ ಬಾಗಿಲು ಹಾಕಿತು. ಸೇರಿದ್ದವರು 148 ಜನ. ಲೆಕ್ಕ ಹಾಕಿದಷ್ಟು ಮಕ್ಕಳು ಬರಲಿಲ್ಲ, ಅಷ್ಟೇ ಕಾರಣ. ಅವರಿಗೆ ಸಿಡ್ನಿಯಲ್ಲಿ ಸೀಟು ಕೊಡುತ್ತೇವೆ ಅಂದರು, ಆದರೆ ಸಿಂಗಪುರಕ್ಕೆಂದು ಹಣ ಹೊಂದಿಸಿದ ಅಪ್ಪ ಅಮ್ಮಂದಿರಿಗೆ ಸಿಡ್ನಿ ಎಂದರೆ ಬೇರೆಯೇ ಲೆಕ್ಕ. ನಿಮ್ಮ ಮೊನಾಶ್ ಕೂಡ 2001ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ತೆರೆದ ಕ್ಯಾಂಪಸ್ಸನ್ನು 2013ರಲ್ಲಿ ಅರ್ಧಕ್ಕಿಂತ ಹೆಚ್ಚು ಲಾರಿಯೇಟ್ ಎಂಬ ಶಿಕ್ಷಣ ಕಂಪನಿಗೆ ಬಿಟ್ಟುಕೊಟ್ಟು, 2019ರಲ್ಲಿ ಅಲ್ಲಿನದೇ ಖಾಸಗಿ ಶಿಕ್ಷಣ ಕಂಪನಿಗೆ ಪೂರ್ತಿ ಒಪ್ಪಿಸಿತು. ನೀನು ಓದುವ ಬಿಸಿನೆಸ್, ಎಕನಾಮಿಕ್ಸ್ ವಿಭಾಗಕ್ಕೆ ಲ್ಯಾಬ್ ಬೇಡ, ಆಸ್ಪತ್ರೆ ಬೇಡ. ಹಾಗಾಗಿ ಪರದೇಶದಲ್ಲಿ ಮೊದಲು ತೆರೆಯುವುದೂ ಸುಲಭ, ಮಕ್ಕಳ ಫೀಸಿನ ಮೇಲೇ ನಿಂತಿರುವುದರಿಂದ ಅಲುಗಾಡುವುದೂ ಬೇಗ.

ನಿನ್ನನ್ನು ಹೆದರಿಸುತ್ತಿದ್ದೇನೆ ಅನ್ನಿಸುತ್ತಿದೆ. ಹಳೆಯ ಕ್ಯಾಂಪಸ್ ಮುಚ್ಚುವಾಗ ಸಾಮಾನ್ಯವಾಗಿ ರಾತ್ರೋರಾತ್ರಿ ಬೀಗ ಹಾಕುವುದಿಲ್ಲ. ಹೊಸ ಪ್ರವೇಶ ನಿಲ್ಲಿಸಿ, ಇರುವವರು ಮುಗಿಸುವ ತನಕ ಪಾಠ ಮಾಡುತ್ತಾರೆ. ಟೀಚ್‌ಔಟ್ ಅನ್ನುವುದು ಅದಕ್ಕೇ. ಅಪಾಯ ಇರುವುದು ಒಂದೇ ಕಡೆ: ಪ್ರತಿ ಯುನಿಟ್ಟೂ, ಅಂದರೆ ಒಂದೊಂದು ವಿಷಯವೂ, ಕೊನೆಯ ಸಲ ನಡೆಯುತ್ತಾ ಹೋಗುತ್ತದೆ. ಆ ಸಲ ಫೇಲಾದವರಿಗೆ ಮತ್ತೆ ತರಗತಿಯೇ ಇರುವುದಿಲ್ಲ. ನಿನಗೆ ಬೇಕಾದ್ದು 144 ಕ್ರೆಡಿಟ್, ಒಂದೊಂದು ಯುನಿಟ್‌ಗೆ 6, ಅಂದರೆ 24 ಯುನಿಟ್, ಸೆಮಿಸ್ಟರ್‌ಗೆ ನಾಲ್ಕು. ಮೊದಲ ವರ್ಷದ ಸ್ಟಾಟಿಸ್ಟಿಕ್ಸ್ ಕೈಕೊಟ್ಟರೆ ಅದರ ಮೇಲೆ ನಿಂತ ಎಕನಾಮೆಟ್ರಿಕ್ಸ್ ಮುಂದಕ್ಕೆ ಹೋಗುತ್ತದೆ, ಅದರ ಹಿಂದೆ ಮೂರನೇ ವರ್ಷದ್ದೂ. ಒಂದು ಯುನಿಟ್ಟಿಗೆ ವಾರಕ್ಕೆ 12 ಗಂಟೆ ಓದು ಎಂಬುದು ಅವರದೇ ಲೆಕ್ಕ, ತರಗತಿಯೂ ಸೇರಿ. ಕ್ಯಾಂಪಸ್ ಮುಚ್ಚುವ ಭಯಕ್ಕೆ ಸ್ಟಾಟಿಸ್ಟಿಕ್ಸ್ ಪಾಸು ಮಾಡು ಅನ್ನುತ್ತಿದ್ದೇನೆ. ನಗಬೇಡ.

ನಾನು ಕಾಮರ್ಸ್ ಕಾಲೇಜಿನ ಆಫೀಸಿನಲ್ಲಿದ್ದಾಗ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟವರಿಗೆ ಬರೀ ಮಾರ್ಕ್ಸ್ ಕಾರ್ಡ್ ಕೊಟ್ಟು ಕಳಿಸುತ್ತಿದ್ದೆವು. ಸಿಲಬಸ್‌ಗೆ ಮೊಹರು ಹಾಕಿಕೊಡಬೇಕೆಂದು ನನಗೆ ಹೊಳೆದದ್ದು ತಡವಾಗಿ, ಅಷ್ಟರಲ್ಲಿ ಎಷ್ಟು ಜನ ವರ್ಷ ಕಳೆದುಕೊಂಡರೋ. ಅದಕ್ಕೇ ಹೇಳುತ್ತೇನೆ. ಬೇರೆ ಕಡೆ ಕ್ರೆಡಿಟ್ ಒಪ್ಪುವುದು ಯುನಿಟ್ ಯುನಿಟ್ಟಾಗಿ, ಅಂಕ ಮಾತ್ರ ನೋಡಿ ಅಲ್ಲ. ವಾರವಾರದ ಪಾಠ, ಪಠ್ಯಪುಸ್ತಕ, ಅಸೈನ್‌ಮೆಂಟಿಗೆಷ್ಟು ಪರೀಕ್ಷೆಗೆಷ್ಟು ಶೇಕಡಾ ಎಲ್ಲ ಕೇಳುತ್ತಾರೆ. ಅದೆಲ್ಲ ಇರುವುದು ಯುನಿಟ್ ಗೈಡ್‌ನಲ್ಲಿ. ಪ್ರತಿ ಸೆಮಿಸ್ಟರ್ ಮೊದಲ ವಾರವೇ ನಾಲ್ಕರ ಪಿಡಿಎಫ್ ಇಳಿಸಿಕೊಂಡು ನಿನ್ನ ಸ್ವಂತ ಮೇಲ್‌ಗೆ ಹಾಕಿಕೋ. ವಿಶ್ವವಿದ್ಯಾಲಯದ ಖಾತೆಯಲ್ಲೇ ಬಿಟ್ಟರೆ ಆ ಲಾಗಿನ್ ನಿಂತ ದಿನ ಅದೂ ಹೋಗುತ್ತದೆ. ಫಲಿತಾಂಶ ಬಂದಾಗ ಟ್ರಾನ್ಸ್‌ಕ್ರಿಪ್ಟ್, ಫೀಸ್ ರಸೀದಿ, ಸ್ಟೂಡೆಂಟ್ ಪಾಸ್ ಅಂದರೆ ಅಲ್ಲಿನ ವಿದ್ಯಾರ್ಥಿ ವೀಸಾದ ಪುಟ, ಇಷ್ಟನ್ನೂ ಸೇರಿಸು. ನಾಳೆ ಇಲ್ಲಿಗೆ ಬಂದು ಎಂ.ಕಾಂ.ಗೋ ಸರ್ಕಾರಿ ಕೆಲಸಕ್ಕೋ ಅರ್ಜಿ ಹಾಕಿದರೆ ತತ್ಸಮಾನ ಪ್ರಮಾಣಪತ್ರಕ್ಕೂ ಈ ಕಾಗದಗಳೇ ಬೇಕು.

ಹೆದರಿಕೆಗೆ ಈಗಲೇ ಮೆಲ್ಬರ್ನಿಗೆ ವರ್ಗ ಮಾಡಿಸಿಕೊಳ್ಳಲಾ ಅಂತಲೂ ಕೇಳಿದ್ದೀಯ. ವರ್ಗ ಅಂದರೆ ಅಲ್ಲಿನ ಫೀಸು, ಅಲ್ಲಿನ ಬಾಡಿಗೆ. ಒಂದು ಸೆಮಿಸ್ಟರ್ ಮಟ್ಟಿಗೆ ಕ್ಯಾಂಪಸ್ ವಿನಿಮಯದಲ್ಲಿ ಹೋಗಿಬರುವುದು ಬೇರೆ, ಅದನ್ನು ಬೇಕಾದರೆ ಎರಡನೇ ವರ್ಷ ವಿಚಾರಿಸು. ಯುನಿಟ್ ಕೋಡ್ ನೋಡಿಕೋ: ನಿಮ್ಮದರಲ್ಲಿ ಮೂರನೇ ಅಕ್ಷರ ಡಬ್ಲ್ಯೂ, ಮೆಲ್ಬರ್ನಿನ ಎರಡು ಕ್ಯಾಂಪಸ್ಸುಗಳಲ್ಲಿ ಕ್ಲೇಟನ್‌ನದರಲ್ಲಿ ಸಿ, ಕಾಲ್‌ಫೀಲ್ಡ್‌ನದರಲ್ಲಿ ಎಫ್. ಯಾವುದಕ್ಕೆ ಯಾವುದು ಸಮ ಎಂದು ಹೊರಡುವ ಮುಂಚೆ ಬರವಣಿಗೆಯಲ್ಲಿ ಒಪ್ಪಿಗೆ ತಗೋ, ಬಾಯಿಮಾತು ಬೇಡ. ಇನ್ನೊಂದು, ಆಸ್ಟ್ರೇಲಿಯಾದಲ್ಲಿ ಓದು ಮುಗಿದ ಮೇಲೆ ಉಳಿದು ಕೆಲಸ ಮಾಡುವ ವೀಸಾಕ್ಕೆ ಆ ನೆಲದಲ್ಲಿ ಎರಡು ಶೈಕ್ಷಣಿಕ ವರ್ಷ ಓದಿರಬೇಕು. ಸನ್‌ವೇಯಲ್ಲಿ ಕಳೆದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ನೀನು ಸೇರುವ ಮುಂಚೆಯೇ ಹೇಳಬೇಕಿತ್ತು. ತಪ್ಪು ನನ್ನದೇ.

ಮುಚ್ಚುವ ಮಾತು ಯಾರೋ ಫಾರ್ವರ್ಡ್ ಮಾಡಿದ ಮೆಸೇಜಿನಲ್ಲಿ ಬಂತು ಅಂದೆಯಲ್ಲ, ಅದನ್ನು ನನಗೂ ಕಳಿಸು. ತಾರೀಖು ನೋಡಬೇಕು. ಜೋಹಾನ್ಸ್‌ಬರ್ಗ್‌ನ ಹಳೇ ಸುದ್ದಿಯನ್ನೇ ಯಾರಾದರೂ ನಿಮ್ಮದೆಂದು ಹಂಚಿರಬಹುದು ಎಂಬ ಅನುಮಾನ ನನಗೆ. ಜೊತೆಗೆ ಈ ಸೆಮಿಸ್ಟರಿನ ಸ್ಟಾಟಿಸ್ಟಿಕ್ಸ್ ಯುನಿಟ್ ಗೈಡನ್ನೂ ಕಳಿಸು. ಕೊನೆಯ ಪರೀಕ್ಷೆಯಲ್ಲೇ ಇಂತಿಷ್ಟು ಬರಲೇಬೇಕು ಎಂಬ ಹರ್ಡಲ್ ಇದೆಯಾ ನೋಡುತ್ತೇನೆ. ಇದ್ದರೆ ಒಟ್ಟು 50 ದಾಟಿದರೂ ಫೇಲ್ ಅಂತಲೇ ಬರುತ್ತದೆ.

ನಿನ್ನ ದೊಡ್ಡಪ್ಪ